ಹೈದರಾಬಾದಿನ ಉಸ್ತಾದ್

ನಮ್ಮಣ್ಣ ಗೌಂಡಿ. ಗೋಡೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ರಾಯಚೂರಿನಲ್ಲಿರಲಿಲ್ಲ, ಇವತ್ತೂ ಒಪ್ಪುತ್ತೇನೆ. ಆದರೆ ಒಡೆದ ಕಪ್ಪು-ಬಸಿಯ ಚೂರುಗಳಲ್ಲಿ ಚಿತ್ರ ಕೂಡಿಸುವ ಹುಚ್ಚು ನನ್ನದು, ನನ್ನೊಬ್ಬಳದೇ. ಬಿರುಕು ಬಿಟ್ಟ ಕಪ್ಪು ಮನೆಯಲ್ಲಿಡಬಾರದೆಂದು ಓಣಿಯ ಹೆಂಗಸರು ಅದನ್ನು ತಿಪ್ಪೆಗೆ ಎಸೆಯದೆ ನನ್ನ ಬುಟ್ಟಿಗೆ ಹಾಕುತ್ತಿದ್ದರು. ಎದುರುಮನೆಯ ಚಾಚಿಯಂತೂ, "ನಮ್ಮ ಸೊಸಿ ನಿನ್ನ ಬುಟ್ಟಿ ತುಂಬಸಾಕಂತನ ಹುಟ್ಯಾಳ ನೋಡು" ಎಂದು ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ ಅಣ್ಣನಿಗೆ ದೇವದುರ್ಗದಲ್ಲಿ ಹೊಸ ಕಲ್ಯಾಣ ಮಂಟಪದ ಕೆಲಸ ಸಿಕ್ಕಿತು. ಬಾಗಿಲಲ್ಲೊಂದು ದಪ್ಪನೆಯ ದುಂಡು ಕಂಬ. ಅದರ ಮೇಲೆ ಚೂರಿನಲ್ಲಿ ಗಿಳಿಗಳ ಚಿತ್ರ ಬೇಕೆಂದರು ಮಂಟಪದವರು. ಮದುವೆಯಾಗದ ಹುಡುಗಿ ಗೌಂಡಿಗಳ ನಡುವೆ ನಿಂತು ಕೆಲಸ ಮಾಡುವುದು ನಮ್ಮ ಮನೆಯಲ್ಲಿ ಆಗದ ಮಾತು. ಹಾಗಾಗಿ ಹಳೇ ಸೊಳ್ಳೆಪರದೆ ಕತ್ತರಿಸಿದೆ. ಮನೆಯಲ್ಲೇ ಅದಕ್ಕೆ ಚೂರು ಅಂಟಿಸಿ ಸುರುಳಿ ಸುತ್ತಿ ಕಳಿಸುವುದು, ಅಣ್ಣ ಅದನ್ನು ಹಸಿ ಸಿಮೆಂಟಿಗೆ ಒತ್ತಿ ಕೂಡಿಸುವುದು. ಹೇಳಲು ಸುಲಭ! ನೆಲದ ಮೇಲೆ ಒತ್ತೊತ್ತಾಗಿ ಕೂತ ಚೂರುಗಳು ದುಂಡಿಗೆ ಸುತ್ತಿದ ಕೂಡಲೇ ಬಾಯಿ ಬಿಡುತ್ತಿದ್ದವು. ಜೋಳದ ಡಬ್ಬಿಗೆ ಸುತ್ತಿ ಸುತ್ತಿ ನೋಡಿದೆ. ಅಗಲದ ಚೂರೆಲ್ಲ ಕಿತ್ತು, ಇಕ್ಕಳದಿಂದ ಸಣ್ಣ ಪಟ್ಟಿಗಳಾಗಿ ಮುರಿದು, ಉದ್ದುದ್ದಕ್ಕೆ ನಿಲ್ಲಿಸಿ ಅಂಟಿಸಿದೆ. ಆಗ ನನ್ನ ಗಿಳಿಗಳ ಮೈ ಡಬ್ಬಿಯ ಜೊತೆ ಬಾಗಿತು. ಬೆರಳೆಲ್ಲ ಗಾಯ, ಉಣ್ಣಲು ಕೂತರೆ ಖಾರ ಹತ್ತಿ ಜೀವ ಹೋಗುತ್ತಿತ್ತು.

"ಭಲೇ ಉಸ್ತಾದ್!" ಎಂದ ಅಣ್ಣ. ಅಂದಿನಿಂದ ಮನೆಯಲ್ಲಿ ಅದೇ ನನ್ನ ಹೆಸರು. "ಉಸ್ತಾದ್, ಚಾ ತಾ." "ಉಸ್ತಾದ್, ನನ್ನ ಅಂಗಿ ಎಲ್ಲದ?" ಕರೆಯಲಿ ಬಿಡು, ನನಗೇನೋ ಹಿಗ್ಗು. ನನಗಿದ್ದದ್ದು ಒಂದೇ ಆಸೆ: ಇದು ನನ್ನ ಕೆಲಸವೆಂದು ನಾಲ್ಕು ಜನರ ಎದುರು ಅವನು ಹೇಳಬೇಕು.

"ಉದ್ಘಾಟನಿ ದಿನ ಮೈಕಿನಾಗ ಹೇಳ್ತೀನಿ, ನಿನ್ನ ಆಣಿ" ಎಂದು ನನ್ನ ತಲೆ ಮುಟ್ಟಿದ್ದ.

ಆ ದಿನ ದೇವದುರ್ಗದ ಬಸ್ಸು ಹತ್ತಿ ಹೋಗಿ ಹೆಂಗಸರ ನಡುವೆ ಕೂತೆ. ಕಂಬದ ಮೇಲೆ ಗಿಳಿಗಳು ಮಿಂಚುತ್ತಿದ್ದವು. ಒಂದರ ಕಣ್ಣು ಚಾಚಿಯ ಕಪ್ಪಿನ ಕೆಂಪು ಹೂ. ಹಿರಿಯರೊಬ್ಬರು ಅಣ್ಣನಿಗೆ ಮೈಕು ಕೊಟ್ಟು, "ಯಾರ ಕೈಗೆಲಸಪಾ ಇದು?" ಎಂದು ಕೇಳಿದರು.

"ನಮ್ಮ ಉಸ್ತಾದ್ ಮಾಡಿದ್ದರೀ."

ನಾನು ಸೆರಗು ಸರಿಮಾಡಿಕೊಂಡು ಅರ್ಧ ಎದ್ದೇಬಿಟ್ಟಿದ್ದೆ.

"ಹೈದರಾಬಾದಿನವ್ರು. ಭಾಳ ದೊಡ್ಡ ಮನಿಷ್ಯಾ. ಇವತ್ತ ಬರಾಕ ಆಗಲಿಲ್ಲ."

ಚಪ್ಪಾಳೆ ಬಿತ್ತು. ಪಕ್ಕದ ಹೆಂಗಸು, "ಅದಕ್ಕ ನೋಡವ್ವಾ, ನಮ್ಮ ಕಡೆಯವರಿಗೆ ಇದೆಲ್ಲಿ ಬರ್ತದ?" ಎಂದು ನನ್ನ ತೊಡೆ ತಟ್ಟಿದಳು. ನಾನು ಕೂತೆ. ಒಡಹುಟ್ಟಿದವನೇ ಕತ್ತು ಕೊಯ್ದಿದ್ದ, ಅದೂ ನನ್ನದೇ ಹೆಸರು ಹಿಡಿದು.

ಬಸ್ಸಿನಲ್ಲಿ ಕೇಳಿದೆ, "ಯಾಕಣ್ಣಾ?"

"ತಂಗಿ ಮಾಡ್ಯಾಳಂದ್ರ ರಂಗೋಲಿ ಹಾಕ್ಯಾಳ ಅಂತಾರ ಬೇ. ಹೈದರಾಬಾದ್ ಅಂದ ಕೂಡ್ಲೇ ಮಾನ್ವಿಯವರು ಅಲ್ಲೇ ಬಂದು ಹಿಡಕೊಂಡ್ರು. ಅವರಲ್ಲೂ ದುಂಡ ಕಂಬ ಅದ. ಉಸ್ತಾದ್ ಒಪ್ಯಾರಂತ ಹೇಳಿಬಿಟ್ಟೀನಿ."

"ಹಂಗಾದ್ರ ಹೈದರಾಬಾದಿಗೆ ಹೋಗಿ ಅವರನ್ನ ಕರಕೊಂಡು ಬಾ" ಎಂದೆ.

ತಮಾಷೆಯೆಂದು ನಕ್ಕ. ಮನೆಗೆ ಬಂದು ಬುಟ್ಟಿಯನ್ನು ತಿಪ್ಪೆಗೆ ಸುರಿದಾಗ ನಗು ನಿಂತಿತು. ಬೇಡಿಕೊಂಡ, ಬೈದ, ಅವ್ವನ ಕೈಲಿ ಹೇಳಿಸಿದ. ನಾನು ಮತ್ತೆ ಚೂರು ಮುಟ್ಟಲಿಲ್ಲ. ಮಾನ್ವಿಯವರಿಗೆ ಅವನೇನು ಹೇಳಿ ಜಾರಿಕೊಂಡನೋ, ಕೇಳಲೂ ಇಲ್ಲ.

ಮುಂದೆ ಮದುವೆಯಾಗಿ ಮಾನ್ವಿಗೇ ಸೊಸೆಯಾಗಿ ಬಂದೆ. ಒಮ್ಮೆ ಸಂತೆಗೆ ಹೋಗುವಾಗ ಅತ್ತೆ, ಹಸಿರು ಬಣ್ಣ ಬಳಿದ ಬೋಳು ಕಂಬವೊಂದನ್ನು ತೋರಿಸಿದರು.

"ಇದಕ್ಕ ಚಿತ್ರ ಮಾಡಾಕ ಹೈದರಾಬಾದಿನ ಉಸ್ತಾದ್ ಒಬ್ಬಾಂವ ಬರಾಂವ ಇದ್ದನಂತ. ಪಾಪ, ಬರೂದ್ರಾಗ ಸತ್ತುಹೋದನಂತ."

"ಹೌದಂತ್ರಿ ಅತ್ತಿ" ಎಂದೆ.