ಅವ್ವನ ಕಾಲಿನ ಮರಳು ಚೀಲ

ನಿಜಾಮರ ಫಸಲಿ ವರ್ಷ ಸಾವಿರದ ಮುನ್ನೂರ ಹದಿನೈದರಲ್ಲಿ, ಮೂರನೆಯ ಇಯತ್ತೆಯ ನಡುವೆಯೇ ನಾನು ಶಾಲೆ ಬಿಟ್ಟೆ. ಅದರ ಹಳಹಳಿ ನನಗಿಲ್ಲ. ಕಲ್ಲುನೆಲ ಒಡೆದು ಹೊಲ ಮಾಡಿದ್ದೇನೆ, ಉದಗೀರದ ಅಡತಿಯವರ ಜೊತೆ ಜೋಳದ ದರಕ್ಕೆ ವಾದಿಸಿ ಗೆದ್ದಿದ್ದೇನೆ. ಮರುಕದ ಮಂದಿಯನ್ನು ತಡೆಯುವ ವಿದ್ಯೆಯೊಂದು ಮಾತ್ರ ಬರಲಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಕಲಿಸುತ್ತಿದ್ದರೋ ಏನೋ.

ಎಪ್ಪತ್ತು ದಾಟಿದ ನಮ್ಮವ್ವ ಅಂಗಳದಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಉದಗೀರದಿಂದ ಬಂದ ಡಾಕ್ಟರ ಸಾಹೇಬರು, ಈ ವಯಸ್ಸಿನ ಮೈಗೆ ಕತ್ತಿ ಹಚ್ಚುವುದಿಲ್ಲ ಎಂದರು. ಕಾಲಿಗೆ ಪಟ್ಟಿ ಸುತ್ತಿ, ಹಗ್ಗವನ್ನು ಮಂಚದ ತುದಿಯ ರಾಟೆಯ ಮೇಲಿಂದ ಇಳಿಬಿಟ್ಟು, ಅದಕ್ಕೊಂದು ಮರಳಿನ ಚೀಲ ಕಟ್ಟಿದರು. ಎರಡು ತಿಂಗಳು ಅದು ತೂಗುತ್ತಲೇ ಇರಬೇಕು. ಚೀಲದ ಕೆಳಗೆ ಆಸರೆ ಸಿಕ್ಕರೆ ಎಲುಬಿನ ಮೇಲೆ ಎಲುಬು ಏರುತ್ತದೆ, ಅವ್ವ ಮತ್ತೆಂದೂ ನೆಲಕ್ಕೆ ಕಾಲೂರುವುದಿಲ್ಲ.

ನಮ್ಮ ಕಡೆ ಬೇನೆಯವರನ್ನು ನೋಡಲು ಬಂದವರು ಕೈಯಿಂದ ಏನಾದರೂ ಸೇವೆ ಮಾಡದೆ ಏಳುವಂತಿಲ್ಲ. ಸಾಮಾನ್ಯವಾಗಿ ಕಾಲು ಒತ್ತುತ್ತಾರೆ. ಇಲ್ಲಿ ಒತ್ತುವಂತಿಲ್ಲವಾದ್ದರಿಂದ ಎಲ್ಲರ ಕಣ್ಣೂ ಚೀಲದ ಮೇಲೆ. ಉಮರ್ಗಾದ ಚಿಗವ್ವ ಅದರಡಿ ಮಣೆ ಇಟ್ಟಳು. "ಮುದುಕಿ ಕಾಲಿಗಿ ಇಂಥಾ ಭಾರ ಕಟ್ಟ್ಯಾನಲ್ಲ, ಆ ಡಾಕ್ಟರಗ ಅವ್ವ ಇಲ್ಲೇನೋ?" ಮಣೆ ತೆಗೆದೆ. ಹೊಲಕ್ಕೆ ಹೋಗಿ ಬಂದರೆ ಚೀಲ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿತ್ತು. ಬೈದೆ. ಮರುದಿನ ಕುರಿ ಕಾಯುವ ನೆರೆಯವ ತನ್ನ ಕಂಬಳಿಯನ್ನೇ ಮಡಚಿ ಇಟ್ಟಿದ್ದ. ಅವ್ವನೂ ಕಡಿಮೆಯವಳಲ್ಲ, ಬಂದವರಿಗೆಲ್ಲ "ಜರಾ ಎತ್ತವ್ವಾ, ಪುಣ್ಯಾ ಬರ್ತದ" ಎನ್ನುತ್ತಿದ್ದಳು. ಪುರಾಣ ಹೇಳುವವರು ಕರುಣೆಯನ್ನು ಬಾಯ್ತುಂಬ ಹೊಗಳುತ್ತಾರೆ. ಅವರಾರ ಅವ್ವನೂ ಕಾಲು ಮುರಿದುಕೊಂಡಿರಲಿಕ್ಕಿಲ್ಲ.

ತಲೆ ಕೆಟ್ಟು, ನಿಲಂಗದ ಸೋದರತ್ತೆಯನ್ನು ಕರೆಸಿದೆ. ನಾನು ಹುಟ್ಟುವ ಮೊದಲಿನಿಂದಲೂ ಅವಳಿಗೂ ಅವ್ವನಿಗೂ ಜಗಳ. ಬಳಗದಲ್ಲಿ ಅವ್ವನ ಮೇಲೆ ಮರುಕವಿಲ್ಲದ ಜೀವ ಅದೊಂದೇ. ಬಂದವಳೇ ಚೀಲದ ಪಕ್ಕ ಗೋಡೆಗೊರಗಿ ಕೂತಳು.

"ಅತ್ತೀ, ಅವ್ವ ಎಷ್ಟ ಅತ್ರೂ ಚೀಲ ಎತ್ತಬ್ಯಾಡ," ಎಂದೆ.

"ನಾ ಯಾಕ ಎತ್ಲಿ? ಜೋತಾಡ್ಲಿ."

ಅವ್ವ ಹಲ್ಲು ಕಡಿದಳು. "ನನ್ನ ಸಾಯಿಸ್ಲಾಕ ಬಂದೀ ಏನ?"

"ಇಲ್ಲ ವೈನಿ, ನಡಸ್ಲಾಕ ಬಂದೀನಿ. ಮಲಗಿದಾಕಿ ಸಂಗಟ ಜಗಳಾಡಿದ್ರ ಮಂದಿ ನನಗೇ ಬೈತಾರ."

ಆಮೇಲೆ ಯಾರ ಪುಣ್ಯದ ಕೈಯೂ ಆ ಚೀಲದ ಹತ್ತಿರ ಸುಳಿಯಲಿಲ್ಲ. ಅವ್ವ ಎದ್ದಳು, ತುಸು ಕುಂಟುತ್ತ.

ಈಗ ನನಗಿರುವುದು ನಾಲ್ಕು ಕೂರಿಗೆ ಬಿತ್ತುವಷ್ಟು ಹೊಲ, ಎರಡು ಜೋಡಿ ಎತ್ತು, ಒಂದು ಹಿಂಡುವ ಎಮ್ಮೆ, ಕೋಲೂರಿಕೊಂಡು ಜಗಳಕ್ಕೆ ಹೋಗುವ ಒಬ್ಬಳು ಅವ್ವ, ನಿಲಂಗಕ್ಕೆ ಮರಳಲು ಒಲ್ಲದ ಒಬ್ಬಳು ಅತ್ತೆ.