ರತ್ನಾ ಊಟ ಮಾಡುವುದನ್ನು ನಾನು ನೋಡಿರಲಿಲ್ಲ

"ಕಾಕಾ, ಕಾಕೂಗೆ ಊಟದಲ್ಲಿ ಏನಿಷ್ಟ?"

ಆಸ್ಪತ್ರೆಯ ಡಯಟೀಷಿಯನ್ ಹುಡುಗಿ ಮರಾಠಿಯಲ್ಲಿ ಕೇಳಿದಳು. ಕೈಯಲ್ಲಿ ಫಾರ್ಮ್, ಪೆನ್ನು. "ಬಟಾಟೆ ಭಾಜಿ, ಚಪಾತಿ" ಎಂದೆ. ಬರೆದುಕೊಂಡು ಹೋದಳು. ಅವಳು ಲಿಫ್ಟ್ ಹತ್ತಿದ ಮೇಲೆ ನನಗೆ ಹೊಳೆಯಿತು. ಅದು ನನಗೆ ಇಷ್ಟ.

ಮೂವತ್ತೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು ನಾನು. ಖಚಿತವಾಗದ ಒಂದು ಸಾಲನ್ನೂ ಪುಟಕ್ಕೆ ಬಿಟ್ಟವನಲ್ಲ. (ಬಿಟ್ಟದ್ದುಂಟು ಎಂದು ನಿಮ್ಮಲ್ಲಿ ಕೆಲವರು ಪತ್ರ ಬರೆದಿದ್ದೀರಿ, ಇರಲಿ.) ಮೂವತ್ತಮೂರು ವರ್ಷ ಜೊತೆಗಿರುವ ಹೆಂಡತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟೆ.

ಎರಡು ತಿಂಗಳು ಈ ಅಂಕಣ ಬರದಿದ್ದಕ್ಕೆ ಕಾರಣ ಅವಳ ಕಾಯಿಲೆ. ಸಂಭಾಜಿನಗರದಲ್ಲಿ, ಚಿಕಲಠಾಣಾದ ಮಗಳ ಮನೆಗೆ ಹೋಗಿದ್ದಾಗ ರತ್ನಾಳಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಮಾತು ಹೋಯಿತು. ಉಳಿದದ್ದು "ಬೇಡ" ಎಂಬ ಒಂದೇ ಶಬ್ದ. ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮೂಗಿನ ನಳಿಕೆಯಿಂದ ಆಹಾರ. ಅದನ್ನು ತೆಗೆದ ದಿನ ಎಡಗೈಯಿಂದ ಮೂಗನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಆಮೇಲೆ ಆಂಬುಲೆನ್ಸಿನಲ್ಲಿ ನಾಸಿಕ್‌ಗೆ, ನಮ್ಮ ಮನೆಗೆ ಬಂದೆವು.

ಮನೆಗೆ ಬಂದ ಮೇಲೆ ತುತ್ತು ಕೊಡುವ ಕೆಲಸ ನನ್ನದಾಯಿತು. ನೇರ ಕೂರಿಸಬೇಕು. ಸಣ್ಣ ಚಮಚ. ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನದು. ಕಲಿತೆ. ಎಷ್ಟು ಚಮಚ ಹೋಯಿತು ಎಂದು ಡೈರಿಯಲ್ಲಿ ಬರೆದಿಟ್ಟೆ.

ನೋಡಲು ಬಂದವರು ಮಂಚದ ಪಕ್ಕ ಕೂತು ನೋಡುತ್ತಿದ್ದರು. ಪಕ್ಕದ ಮನೆಯಾಕೆ ಭಾಲ್ಕಿ ಕಡೆಯವರು. ಅವರಂತೂ ಕಣ್ಣೊರೆಸಿಕೊಂಡೇ ಹೇಳುತ್ತಿದ್ದರು. "ವೈನಿ, ನಿಮ್ಮ ನಸೀಬ ಛಲೋ ಅದ ನೋಡ್ರಿ. ಕೈಯಾರೆ ಉಣಸೋ ಗಂಡ ಯಾರಿಗಿ ಸಿಗ್ತಾನ್ರಿ? ನಮ್ಮನ್ಯಾಗಿನವರು ಒಂದ್ ಗ್ಲಾಸ್ ನೀರ್ ಸುದ್ದಾ ಕೊಡೂದಿಲ್ಲ!"

ನಾನು "ಅದರಲ್ಲೇನು ಬಿಡಿ" ಎನ್ನುತ್ತಿದ್ದೆ. ರತ್ನಾ "ಬೇಡ" ಎನ್ನುತ್ತಿದ್ದಳು.

ಇಪ್ಪತ್ತು ಚಮಚ ಹನ್ನೆರಡಾಯಿತು. ಹನ್ನೆರಡು ಆರಾಯಿತು. ಹಸಿವಿಲ್ಲ ಎಂದುಕೊಂಡೆ. ಡಾಕ್ಟರು ತೂಕ ನೋಡಿ ಹೇಳಿದರು. "ಹೀಗೇ ಆದರೆ ಮತ್ತೆ ನಳಿಕೆ ಹಾಕಬೇಕಾಗುತ್ತದೆ. ಒಂದು ವಾರ ನೋಡೋಣ."

ಮನೆಗೆ ಬರುವ ಫಿಸಿಯೋಥೆರಪಿಸ್ಟ್ ರತ್ನಾಳ ಎಡಗೈಯಲ್ಲಿ ಚಮಚ ಇಟ್ಟು ನೋಡಿದಳು. ಕೈಯಲ್ಲಿ ಬಲವಿದೆ. ಆದರೆ ಚಮಚ ಬಾಯಿಯ ಹತ್ತಿರ ಬಂದಾಗ ಇವಳು ನನ್ನ ಕಡೆ ನೋಡಿ ಅದನ್ನು ಕೆಳಗಿಟ್ಟಳು. ಎಡಗೈ ಊಟ! ಇವಳ ತವರಿನವರು ನಾಸಿಕ್ ಹತ್ತಿರದ ಘೋಟಿಯಲ್ಲಿ ಹೊಟೇಲ್ ನಡೆಸುವ ಉಡುಪಿ ಕಡೆಯವರು. ಎಡಗೈಯಲ್ಲಿ ಎಲೆ ಹಾಕಿದ ಸಪ್ಲೈಯರನ್ನು ಮಾವ ಗಿರಾಕಿಗಳ ಎದುರೇ ಬೈದು ಒಳಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಕಳೆದ ಭಾನುವಾರ ಮಧ್ಯಾಹ್ನ ಇವಳ ತಮ್ಮ ಸದಾನಂದ ಬಂದ. ಈಗ ಹೊಟೇಲ್ ನೋಡಿಕೊಳ್ಳುವವನು ಅವನೇ. ಕೈಯಲ್ಲಿ ಟಿಫಿನ್ ಕ್ಯಾರಿಯರ್. ತೆರೆದರೆ ಕುಚ್ಚಲಕ್ಕಿಯ ಗಂಜಿ. ಮುದ್ದೆಯಂತೆ ಬೇಯಿಸಿ, ಹಿಸುಕಿ ತಂದಿದ್ದ. ಹೊಟೇಲಿನ ಬೋರ್ಡಿನಲ್ಲಿ ಇರುವ ಪದಾರ್ಥವಲ್ಲ ಅದು. ಒಳಗೆ ಕೆಲಸದವರು ತಮಗಾಗಿ ಮಾಡಿಕೊಳ್ಳುವುದು.

"ಅಕ್ಕನಿಗೆ ಇದು ಜೀವ" ಎಂದ.

"ಮನೆಯಲ್ಲಿ ಒಂದು ದಿನವೂ ಮಾಡಿರಲಿಲ್ಲವಲ್ಲೋ?"

"ನಿಮಗೆ ಆಗುದಿಲ್ಲಲ್ಲ ಭಾವ."



ಗಂಜಿಯನ್ನು ಬಿಸಿ ಮಾಡಿ, ಗಾಲಿಕುರ್ಚಿಯನ್ನು ಟೇಬಲ್ಲಿಗೆ ತಂದೆವು. ಅಲ್ಲಿಯವರೆಗೆ ನಾನು ಇವಳಿಗೆ ಉಣ್ಣಿಸಿ, ಆಮೇಲೆ ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದೆ. ಅಂದು ನಾವಿಬ್ಬರೂ ಇವಳೆದುರು ತಟ್ಟೆ ಹಾಕಿಕೊಂಡು ಕೂತೆವು. ಸದಾನಂದ ಗಂಜಿ ಬಡಿಸಲು ಸೌಟಿಗೆ ಕೈ ಚಾಚಿದ. ರತ್ನಾ ಆ ಸೌಟನ್ನು ಎಡಗೈಯಿಂದ ಹಿಡಿದಳು.

ಬಡಿಸಿದಳು! ಮೊದಲ ಸೌಟಿನ ಅರ್ಧ ಮೇಜಿನ ಮೇಲೆ ಬಿತ್ತು. ಎರಡನೆಯದು ತಮ್ಮನ ತಟ್ಟೆಗೆ. ಮೂರನೆಯದು ನನ್ನದಕ್ಕೆ. ಉಣ್ಣುತ್ತ ಉಣ್ಣುತ್ತ ಬಡಿಸಿಕೊಳ್ಳುವಾಗ ನಾವೆಲ್ಲ ಎಡಗೈ ಬಳಸುತ್ತೇವಲ್ಲ, ಬಲಗೈ ಎಂಜಲಾಗಿರುತ್ತದೆ. ಬಡಿಸುವ ಎಡಗೈ ತಪ್ಪಲ್ಲ.

ಹುರುಪಿನಿಂದ ನಾನು ಚಮಚ ತುಂಬಿ ಇವಳ ಬಾಯಿಗೆ ಒಯ್ದೆ. ತುಟಿ ಬಿಗಿದಳು.

"ಬೇಡ."

"ಎಂತ ಭಾವ, ಸ್ವಲ್ಪ ಬಿಡಿ ಅವಳನ್ನು" ಎಂದ ಸದಾನಂದ. "ಎಲ್ಲರ ಊಟ ಆಗುವ ಮೊದಲು ಅಕ್ಕ ತಿಂದದ್ದುಂಟಾ? ನಾಲ್ಕು ಜನ ನೋಡ್ತಾ ಕೂತ್ರೆ ಅವಳು ಹೇಗೆ ತಿನ್ನುದು ಮಾರಾಯ್ರೆ? ಬೇಗ ಉಂಡು ಏಳಿ."

ಗಂಜಿಯ ಬಿಸಿಗೆ ನಾಲಿಗೆ ಸುಟ್ಟಿತೋ, ಅವನ ಮಾತಿಗೋ ಗೊತ್ತಿಲ್ಲ. ಬೇಗ ಉಂಡೆ. ನೆನಪು ಮಾಡಿಕೊಳ್ಳಲು ನೋಡಿದೆ. ಮೂವತ್ತಮೂರು ವರ್ಷಗಳಲ್ಲಿ ಇವಳು ಊಟ ಮಾಡುತ್ತಿರುವ ಒಂದು ಚಿತ್ರವೂ ನನ್ನಲ್ಲಿ ಇರಲಿಲ್ಲ. ನಾನು ಉಂಡು ಪೇಪರ್ ಹಿಡಿದ ಮೇಲೆ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತೋ ಅದು ನನಗೆ ಸುದ್ದಿಯೇ ಆಗಿರಲಿಲ್ಲ. ಯಾರೂ ನೋಡದ ಜಾಗದಲ್ಲಿ ಉಂಡವಳನ್ನು ನಾನು ಮಂಚದ ಮೇಲೆ ಕೂರಿಸಿ, ಊರಿಗೆಲ್ಲ ತೋರಿಸಿ ಉಣ್ಣಿಸಿದ್ದೆ.

ಇವಳ ಮುಂದೆ ಬಟ್ಟಲು, ಚಮಚ ಇಟ್ಟು ಇಬ್ಬರೂ ಎದ್ದೆವು. ಪೂರ್ತಿ ಬಿಟ್ಟು ಹೋಗುವಂತಿಲ್ಲ, ಗಂಟಲಲ್ಲಿ ಸಿಕ್ಕರೆ ಕಷ್ಟ. ಬೇಸಿನ್ ಹತ್ತಿರ ಷೋಕೇಸ್ ಇದೆ. ಅದರ ಗಾಜಿನಲ್ಲಿ ಟೇಬಲ್ ಕಾಣುತ್ತದೆ. ಬೆನ್ನು ಮಾಡಿ ನಿಂತು ಕೈ ತೊಳೆದೆ. ಮತ್ತೆ ತೊಳೆದೆ.

ಗಾಜಿನಲ್ಲಿ ರತ್ನಾ ಬಾಗಿಲ ಕಡೆ ನೋಡಿದಳು. ನನ್ನ ಬೆನ್ನನ್ನು ನೋಡಿದಳು. ಚಮಚ ಎತ್ತಿದಳು. ಎಡಗೈಯಲ್ಲೇ. ಒಂದಿಷ್ಟು ಗಲ್ಲಕ್ಕೆ, ಒಂದಿಷ್ಟು ಸೆರಗಿಗೆ, ಉಳಿದದ್ದು ಬಾಯಿಗೆ. ನುಂಗಿದಳು. ಮತ್ತೊಂದು.

"ತಿಂತಾಳಾ ಭಾವ?" ಸದಾನಂದ ಪಿಸುಗುಟ್ಟಿದ.

"ಸುಮ್ನಿರು. ನಲ್ಲಿ ಬಿಡು."

ಒಂದು ವಾರದಿಂದ ನಮ್ಮ ಮನೆಯಲ್ಲಿ ಇದೇ ಕ್ರಮ. ಇವಳು ಬಡಿಸುತ್ತಾಳೆ, ನಾನು ಉಂಡು ಏಳುತ್ತೇನೆ, ಆಮೇಲೆ ಇವಳ ಊಟ. ಊಟದ ಹೊತ್ತಿಗೆ ಬಂದವರನ್ನು ಹೊರಗಿನ ಕೋಣೆಯಲ್ಲೇ ಕೂರಿಸುತ್ತೇನೆ. ಎಷ್ಟು ಚಮಚ ಎಂದು ಬರೆಯುವುದನ್ನು ಬಿಟ್ಟಿದ್ದೇನೆ. ತೂಕ ಇಳಿದಿಲ್ಲ. ನಳಿಕೆ ಸದ್ಯಕ್ಕೆ ಬೇಡ ಎಂದಿದ್ದಾರೆ ಡಾಕ್ಟರು.

ಒಂದು ಪ್ರಶ್ನೆಯನ್ನು ಮಾತ್ರ ಡೆಸ್ಕಿನ ಹಳೆಯ ಅಭ್ಯಾಸದಂತೆ ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ: ಅಷ್ಟು ದಿನ ತುತ್ತು ಕೊಡುವಾಗ ನಾನು ನೋಡುತ್ತಿದ್ದದ್ದು ಇವಳ ಮುಖವನ್ನೋ, ಬಂದವರ ಮುಖವನ್ನೋ?