ಮನೆದೇವರ ಹೆಸರಿನ ಪಾಸ್‌ವರ್ಡ್

ಮುಂಡರಗಿಯ ಮಮತಾ ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ, ಮನೆಮುಂದಿನ ಕಟ್ಟೆಗೆ ಫಿನಾಯಿಲ್ ಸುರಿದು ತೊಳೆಯುವುದು. ಗುಟ್ಕಾ ಉಗುಳಿ ಉಗುಳಿ ಗೋಡೆ ಮೊಣಕಾಲೆತ್ತರದವರೆಗೆ ಕೆಂಪಾಗಿತ್ತು. ತಿಕ್ಕಿದರೆ ಸುಣ್ಣ ಉದುರುತ್ತಿತ್ತು, ಕೆಂಪು ಹೋಗುತ್ತಿರಲಿಲ್ಲ.

ಉಗುಳುವವರು ಬರುತ್ತಿದ್ದುದು ವೈಫೈಗಾಗಿ. ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುವ ಮಮತಾ, ಮಗಳು ಸ್ನೇಹಾಳ ಪಿಯು ಓದಿಗೆಂದು ಹಾಕಿಸಿದ ಸಂಪರ್ಕ ಅದು. ಜೋಡಿಸಲು ಬಂದವನು ಪಾಸ್‌ವರ್ಡ್ ಏನಿಡಲಿ ಎಂದಾಗ ಮಾವ ಕೊಟ್ರಪ್ಪ ತಡೆದಿದ್ದರು. ಬೇಸಿಗೆ ಬಂತೆಂದರೆ ಬಾಗಿಲ ಮುಂದೆ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಡುವ ಮನೆತನ ಅವರದು.

"ನೀರಿಗೆ ಕೀಲಿ ಹಾಕಿಲ್ಲ, ಇದಕ್ಯಾಕ ಹಾಕೂದು? ಬಿಡೋ ಹಂಗ."

ಕೆಲವೇ ದಿನಗಳಲ್ಲಿ ಕಟ್ಟೆ ತುಂಬಿತು. ಸಂಜೆಯಾದರೆ ಓಣಿಯ ಗಂಡಸರೆಲ್ಲ ಫೋನ್ ಹಿಡಿದು ಕೂರುತ್ತಿದ್ದರು. ಅವರು ನೋಡುತ್ತಿದ್ದ ಹೊಲಸು ವಿಡಿಯೊಗಳ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಸ್ನೇಹಾ ಕಾಲೇಜಿನಿಂದ ಬಂದವಳು ಹಿತ್ತಲಿನ ಸಂದಿಯಲ್ಲಿ, ಎಮ್ಮೆಯ ಸೆಗಣಿ ದಾಟಿ ಒಳಗೆ ಬರತೊಡಗಿದಳು.

"ಮುಂದಿನ ಬಾಗಲಕ್ಕ ಏನಾಗೇತಿ?" ಮಮತಾ ಕೇಳಿದರು.

"ಅವರ ಕಾಲು ದಾಟಿ ಬರಬೇಕವ್ವಾ. ಅವ್ರು ಸರಿಯೂದಿಲ್ಲ. ಎಮ್ಮಿ ಛಲೋ, ದಾರಿ ಬಿಡತೈತಿ."

ಮಮತಾ ಆ ದಿನವೇ ರೂಟರ್ ತಿರುವಿ, ತಳದ ಚೀಟಿಯಲ್ಲಿದ್ದ ವಿಳಾಸವನ್ನು ಫೋನಿನಲ್ಲಿ ಹಾಕಿ ಸೆಟ್ಟಿಂಗ್ ತೆರೆದರು. ಸೆಕ್ಯುರಿಟಿ ಎಂಬಲ್ಲಿ 'ಓಪನ್' ಎಂದಿತ್ತು. ಅದನ್ನು ಡಬ್ಲ್ಯೂಪಿಎ-2 ಎನ್‌ಕ್ರಿಪ್ಶನ್‌ಗೆ ಬದಲಿಸಿದಾಗ ಪಾಸ್‌ವರ್ಡ್ ಕೇಳಿತು. ಹೊಸದೇನನ್ನು ಬರೆಯುವುದಿದ್ದರೂ ಈ ಕಡೆಯ ಮನೆಗಳಲ್ಲಿ ಮೊದಲು ಬರೆಯುವುದು ಮನೆದೇವರ ಹೆಸರನ್ನು. ಅವರೂ ವೀರಭದ್ರ ಎಂದು ಬರೆದರು.

ಸಂಜೆ ಕಟ್ಟೆಯ ಮೇಲೆ ಗೊಣಗಾಟ ಎದ್ದಿತು. ಓಣಿಯ ಕೊನೆಯ ಮನೆಯ ಕುಬೇರಪ್ಪ ಸ್ವಲ್ಪ ಯೋಚಿಸಿ ಏನೋ ಒತ್ತಿದರು. ವೈಫೈ ಹತ್ತಿತು.

"ಏನವ್ವಾ ಮಮತಾ, ನಿಮ್ಮ ಮನಿದೇವ್ರು ನನಗ ಗೊತ್ತಿಲ್ಲೇನು? ಪಲ್ಲಕ್ಕಿ ಹೊತ್ತಾಂವ ನಾ!"

ಉಳಿದವರು ನಕ್ಕು ಅದನ್ನೇ ತಮ್ಮ ಫೋನಿಗೂ ಹಾಕಿಕೊಂಡರು. ದೇವರ ಹೆಸರು ಬರೆದು ಒಳಹೊಕ್ಕವರು ನೋಡಿದ್ದು ಮತ್ತೆ ಅದೇ ಹೊಲಸನ್ನು.

ಮರುದಿನ ಮಮತಾ ಅರ್ಥವಿಲ್ಲದ ಅಕ್ಷರ, ಅಂಕಿಗಳನ್ನು ಬೆರೆಸಿ ಹೊಸ ಪಾಸ್‌ವರ್ಡ್ ಇಟ್ಟರು. ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡನ್ನೂ ಬದಲಿಸಿದರು. ಹೇಳಿದ್ದು ಸ್ನೇಹಾಗೆ ಮಾತ್ರ. ಹಳೆಯ ಕುಸ್ತಿ ವಿಡಿಯೊ ನೋಡುತ್ತಿದ್ದ ಕೊಟ್ರಪ್ಪ ಕಟ್ಟೆಯಿಂದ ಎದ್ದು ಒಳಬಂದರು.

"ನಂದೂ ಬಂದಾಗೇತಲ್ಲ! ಹೊಸಾದು ಏನಿಟ್ಟಿ?"

"ನಿಮಗೂ ಹೇಳೂದಿಲ್ರಿ, ಮಾವಾರ."

"ಮನಿ ಯಜಮಾನಗ?"

"ಕುಬೇರಪ್ಪಣ್ಣ ಕೇಳಿದ್ರ ಇಲ್ಲ ಅಂತೀರೇನ್ರಿ?"

ಕೊಟ್ರಪ್ಪ ಸುಳ್ಳಾಡುವವರಲ್ಲ. "ಬಾಯಿಬಿಟ್ಟು ಕೇಳಿದ್ರ ಇಲ್ಲ ಅನ್ನೂದ್ ಹೆಂಗ?"

"ಹಂಗಾರ ಬ್ಯಾಡ್ರಿ."

"ನಾಳೆ ಓಣ್ಯಾಗ ಹೆಂಗ ಮಾರಿ ತೋರಿಸ್ಲಿ ನಾ?"

"ನಿಮ್ಮ ಮೊಮ್ಮಗಳು ಹಿತ್ತಲದಾಗ ಬರಾಕತ್ತಿ ಭಾಳ ದಿನಾ ಆತ್ರಿ. ಆಕಿ ಮಾರಿ ನೀವು ನೋಡಿರೇನು?"

ಕೊಟ್ರಪ್ಪ ಮತ್ತೆ ಕಟ್ಟೆಗೆ ಹೋದರು. ಹೊರಗಿನವರು ಸ್ವಲ್ಪ ಹೊತ್ತು ಫೋನ್ ತೀಡಿದರು. ಕಟ್ಟೆಯ ತುಂಬ ಗುಟ್ಕಾದ ಖಾಲಿ ಚೀಟು ಎಸೆದು, ಪಾಸ್‌ವರ್ಡ್ ಇಲ್ಲದ ಇನ್ನೊಂದು ಮನೆ ಹುಡುಕಿಕೊಂಡು ಹೋದರು. ಹೋಗುವಾಗ ಕುಬೇರಪ್ಪ ಹೊಸ್ತಿಲಿಗೇ ಉಗುಳಿದರು. ಕೊಟ್ರಪ್ಪ ಅದನ್ನು ನೋಡಿದರು; ಆದರೂ ಮಾತು ಬಿಟ್ಟಿದ್ದು ಸೊಸೆಯೊಡನೆ.

ಮರುದಿನ ಸ್ನೇಹಾ ಮುಂಬಾಗಿಲಿನಿಂದಲೇ ಬಂದಳು, ಗೋಡೆಯ ಗುಟ್ಕಾ ನಾತಕ್ಕೆ ಮೂಗು ಮುಚ್ಚಿಕೊಂಡು.